ಮೆಕ್ಸಿಕೋಗೆ ನಿದ್ದೆ ಮಾಡಲು ಹೋಗುತ್ತಿದ್ದವನು

ಫೆಬ್ರವರಿ ಬಂತೆಂದರೆ ಅಮೆರಿಕದ ಮಾನ್ಮತ್ ಜಂಕ್ಷನ್ನಿನ ಬಸವಕಿರಣ್ ಆಫೀಸಿಗೆ ಹತ್ತು ದಿನ ರಜೆ ಹಾಕಿ ಮೆಕ್ಸಿಕೋ ಸಿಟಿಗೆ ಹೋಗುತ್ತಿದ್ದ. ಒಬ್ಬನೇ ಹೋಗುತ್ತಿದ್ದ. ಇಳಿದುಕೊಳ್ಳುತ್ತಿದ್ದದ್ದು ಹೋಟೆಲಿನಲ್ಲಲ್ಲ, ಪಾರ್ಟಿ ಹಾಸ್ಟೆಲಿನಲ್ಲಿ. ಅಂದರೆ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಬೆನ್ನಿಗೊಂದು ದೊಡ್ಡ ಚೀಲ ಹೊತ್ತು ಊರೂರು ಸುತ್ತುತ್ತ ಬಂದು, ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಉಳಿದು, ಸಂಜೆಯಾದರೆ ತಾರಸಿಯ ಮೇಲೆ ಕುಡಿದು ಕುಣಿದು, ಆಮೇಲೆ ಗುಂಪು ಕಟ್ಟಿಕೊಂಡು ಬಾರಿನಿಂದ ಬಾರಿಗೆ ಮೆರವಣಿಗೆ ಹೊರಡುವಂಥ ಜಾಗ.

ಈ ಸಂಗತಿ ಅವನೂರ ಸುತ್ತಲಿನ, ಕೆಂಡಲ್ ಪಾರ್ಕಿನಿಂದ ವುಡ್‌ಬ್ರಿಡ್ಜ್‌ವರೆಗಿನ ಕನ್ನಡದ ಮಂದಿಗೆಲ್ಲ ಗೊತ್ತಿತ್ತು. ಯಾರೂ ಪತ್ತೇದಾರಿಕೆ ಮಾಡಿರಲಿಲ್ಲ. ಒಂದು ವರ್ಷ ಅವನು ಹಾಸ್ಟೆಲಿನವರು ಮುಂಗೈಗೆ ಹಾಕಿದ್ದ ಹಳದಿ ಪಟ್ಟಿಯನ್ನು ಕತ್ತರಿಸದೆ ನೇರವಾಗಿ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಶಿವರಾತ್ರಿಯ ಪಾಟ್‌ಲಕ್ಕಿಗೆ ಬಂದುಬಿಟ್ಟಿದ್ದ. ಪಟ್ಟಿಯ ಮೇಲೆ ಬಿಯರ್ ಮಗ್ಗು ಹಿಡಿದು ಕುಣಿಯುವ ತಲೆಬುರುಡೆಯ ಚಿತ್ರವಿತ್ತು. ಪುಳಿಯೋಗರೆ ಬಡಿಸುತ್ತಿದ್ದವರು ಅದನ್ನು ನೋಡಿದರು, ಮನೆಗೆ ಹೋಗಿ ಹಾಸ್ಟೆಲಿನ ಹೆಸರನ್ನು ಫೋನಿನಲ್ಲಿ ಹುಡುಕಿದರು, ಮಿಕ್ಕಿದ್ದು ತಾನಾಗಿಯೇ ಹರಡಿತು. ಅಲ್ಲಿ ಅವನಿಗೆ ಒಬ್ಬಳಿದ್ದಾಳೆ ಎಂದರು. ಮರುವರ್ಷಕ್ಕೆ ಅವಳಿಗೊಂದು ಮಗುವೂ ಆಯಿತು. ಔಷಧಿ ಕಂಪನಿಯಲ್ಲಿ ಯಂತ್ರಗಳ ತಪಾಸಣೆ ಮಾಡಿಕೊಂಡು, ತಲೆ ತಗ್ಗಿಸಿ ರೂಟ್ ಒನ್ ಹೆದ್ದಾರಿಯಲ್ಲಿ ಹೋಗಿ ಬಂದು ಮಾಡುವ ಸಾಧು ಮನುಷ್ಯನಿಗೆ ಇಷ್ಟೊಂದು ರಂಗು ಬಂದದ್ದು ಕೆಲವು ಗಂಡಸರಿಗೆ ಹೊಟ್ಟೆಕಿಚ್ಚನ್ನೂ ತಂದಿತು.

ಬಸವಕಿರಣ್ ಇದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ನಿಜ ಹೇಳುವುದಕ್ಕಿಂತ ಇದೇ ಎಷ್ಟೋ ಮರ್ಯಾದೆಯದು ಎಂದು ಅವನಿಗೆ ಅನ್ನಿಸಿತ್ತು. ನಿಜ ಏನೆಂದರೆ, ಅವನು ಮೆಕ್ಸಿಕೋಗೆ ಹೋಗುತ್ತಿದ್ದದ್ದು ನಿದ್ದೆ ಮಾಡುವುದಕ್ಕೆ.

ಅವನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ. ಅಪ್ಪ ಗದಿಗೆಪ್ಪ, ಅವ್ವ ಕಮಲವ್ವ, ಇಬ್ಬರು ಚಿಕ್ಕಪ್ಪಂದಿರ ಸಂಸಾರ, ಅಜ್ಜಿ, ಮಕ್ಕಳು, ಬಂದುಹೋಗುವ ನೆಂಟರು ಎಲ್ಲರೂ ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಗ್ಗ ನಡೆಯುತ್ತಿತ್ತು. ಕೆಮ್ಮು, ಗೊರಕೆ, ಯಾರದೋ ಬಳೆಯ ಸದ್ದು, ನೀರಿಗೆ ಎದ್ದವರು ಕಾಲು ತುಳಿದರೆ ಒಂದು ಬೈಗುಳ, ಇವೆಲ್ಲದರ ನಡುವೆ ಅವನು ತಲೆ ಇಟ್ಟ ಕೂಡಲೆ ನಿದ್ದೆ ಹೋಗುತ್ತಿದ್ದ. ಅಮೆರಿಕಕ್ಕೆ ಬಂದ ಹೊಸದರಲ್ಲೂ ತೊಂದರೆಯಾಗಲಿಲ್ಲ. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರು ಹೊಸಬರನ್ನೆಲ್ಲ ವುಡ್‌ಬ್ರಿಡ್ಜ್ ಕಡೆಯ ಒಂದು ಗೆಸ್ಟ್ ಹೌಸಿನಲ್ಲಿ ತುಂಬಿಸಿದ್ದರು. ಕಾರ್ಪೆಟ್ಟಿನ ಮೇಲೆ ಆರು ಮಂದಿ. ಅವನ ಬಲಗಡೆ ಮಲಗುತ್ತಿದ್ದವನು ಮಂಡ್ಯದ ಚೆಲುವರಾಜು, ನಿದ್ದೆಯಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವನು. ಉಳಿದವರು ಆ ಮನೆಯನ್ನು ದನದ ಕೊಟ್ಟಿಗೆ ಎಂದು ಬೈದು ಮೊದಲ ಸಂಬಳಕ್ಕೇ ಓಡಿಹೋದರು. ಕೊನೆಗೆ ಹೊರಟವನು ಬಸವಕಿರಣ್.

ಆಮೇಲೆ ಅವನಿಗೆ ಎಲ್ಲವೂ ದೊರಕಿತು. ಮಾನ್ಮತ್ ಜಂಕ್ಷನ್ನಿನಲ್ಲಿ ಎರಡು ಬೆಡ್‌ರೂಮಿನ ಟೌನ್‌ಹೌಸು. ಎರಡು ಪದರ ಗಾಜಿನ ಕಿಟಕಿ. ಹೊರಗೆ ಹಿಮ ತೆಗೆಯುವ ಲಾರಿ ಹೋದರೂ ಒಳಗೆ ತಿಳಿಯದು. ರಜನಿ ಎಂಬಾಕೆಯನ್ನು ಮದುವೆಯೂ ಆದ. ಆಕೆ ಒಳ್ಳೆಯ ಹುಡುಗಿ, ಎಲೆ ಅಲುಗಿದರೂ ಎಚ್ಚರವಾಗುವ ಸ್ವಭಾವ. ಎರಡು ಕೋಣೆ ಇರುವಾಗ ಇಬ್ಬರೂ ಒಂದರಲ್ಲೇ ಯಾಕೆ ಒದ್ದಾಡಬೇಕು ಎಂದು ಆಕೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ಕೋಣೆ, ಬೇರೆ ಊಟದ ಹೊತ್ತು, ಕಡೆಗೆ ಬೇರೆ ರಾಜ್ಯ. ಜಗಳವಿಲ್ಲದೆ ಮುಗಿದ ಮದುವೆ ಅದು. ಜಗಳವಾದರೂ ಆಗಿದ್ದರೆ ಮನೆಯಲ್ಲಿ ಒಂದಿಷ್ಟು ಸದ್ದಾದರೂ ಇರುತ್ತಿತ್ತೇನೋ.

ಒಬ್ಬನೇ ಆದ ಮೇಲೆ ಬಸವಕಿರಣ್‌ಗೆ ನಿದ್ದೆ ಕೈಕೊಟ್ಟಿತು. ಡಾಕ್ಟರು ಮಾತ್ರೆ ಕೊಟ್ಟರು, ಕಾಫಿ ಬಿಡಿ ಎಂದರು. ಬಿಟ್ಟ. ಟೀವಿ ಹಾಕಿಕೊಂಡು ಮಲಗಿದ, ಮಳೆಯ ಸದ್ದಿನ ಆ್ಯಪ್ ಹಾಕಿಕೊಂಡು ಮಲಗಿದ. ಅರೆ ನಿದ್ದೆಯಲ್ಲೇ ವರ್ಷಗಳು ಕಳೆದವು. ಆ ಹೊತ್ತಿಗೆ, ಅಮೆರಿಕದ ಹೊರಗೇ ಹಾಕಿಸಿಕೊಳ್ಳಬೇಕಾದ ವೀಸಾದ ಮುದ್ರೆಗಾಗಿ ಮೆಕ್ಸಿಕೋ ಸಿಟಿಗೆ ಹೋಗಬೇಕಾಗಿ ಬಂತು. ಊರು ತುಂಬ ಯಾವುದೋ ಸಮ್ಮೇಳನ, ಹೋಟೆಲು ಸಿಗಲಿಲ್ಲ, ಸಿಕ್ಕಿದ್ದು ‘ಲಾ ಚಿಚಾರ್ರಾ’ ಎಂಬ ಹಾಸ್ಟೆಲಿನಲ್ಲಿ ಒಂದು ಕೆಳಮಂಚ. ಮೇಲೆ ಕೆಳಗೆ ಎಂದು ಹನ್ನೆರಡು ಮಂಚಗಳ ಕೋಣೆ. ತಾರಸಿಯಲ್ಲಿ ಸಂಗೀತದ ಧಡಧಡ, ಗೋಡೆಯೇ ನಡುಗುತ್ತಿತ್ತು. ಮೇಲಿನ ಮಂಚದಲ್ಲಿ ಅರ್ಜೆಂಟೀನಾದವನೊಬ್ಬ ಚಿಪ್ಸ್ ತಿನ್ನುತ್ತಿದ್ದ. ಯಾರೋ ಹುಡುಗಿಯರು ಒಂದೇ ಕನ್ನಡಿಗಾಗಿ ಕಿತ್ತಾಡುತ್ತಿದ್ದರು. ಇದರಲ್ಲಿ ಇರುಳು ಕಳೆಯುವುದು ಹೇಗಪ್ಪಾ ಎಂದುಕೊಂಡು ಅವನು ಒಂದು ನಿಮಿಷ ಒರಗಿದ. ಕಣ್ಣು ಬಿಟ್ಟಾಗ ಬೆಳಿಗ್ಗೆಯ ತಿಂಡಿಯ ಹೊತ್ತು ಮೀರಿಹೋಗಿತ್ತು. ಎಷ್ಟೋ ವರ್ಷಗಳ ನಂತರ ಮೈ ಹಗುರಾಗಿತ್ತು, ಮಂಚದ ಮೇಲೆ ಕುಳಿತು ಅವನು ಸುಮ್ಮನೆ ಅತ್ತುಬಿಟ್ಟ.

ಅಂದಿನಿಂದ ಹಿಡಿದದ್ದು ಈ ಚಟ. ಗ್ರೀನ್ ಕಾರ್ಡು ಬಂದು ವೀಸಾದ ನೆವ ತಪ್ಪಿದ ಮೇಲೂ ಬಿಡಲಿಲ್ಲ. ಹಗಲೆಲ್ಲ ಸಂತೆಯಲ್ಲಿ ಅಲೆದು, ಮುಸುಕಿನ ಜೋಳದ ರೊಟ್ಟಿ ತಿಂದು, ಪಾರ್ಕಿನ ಬೆಂಚಿನ ಮೇಲೆ ಕುಳಿತಿದ್ದು ಸಂಜೆಗೆ ಹಾಸ್ಟೆಲಿಗೆ ಬರುತ್ತಿದ್ದ. ಒಂಬತ್ತಕ್ಕೆ ಹಾಸ್ಟೆಲಿನವರು ಶಿಳ್ಳೆ ಊದಿ ಎಲ್ಲರನ್ನೂ ಬಾರುಗಳಿಗೆ ಹೊರಡಿಸುತ್ತಿದ್ದ ಹೊತ್ತಿನಲ್ಲಿ ಇವನು ಹಲ್ಲುಜ್ಜುತ್ತಿದ್ದ. ಬೇರೆಯವರು ಕುಸ್ತಿಯ ಮುಖವಾಡ ಹಾಕಿಕೊಂಡು, ಮುಖಕ್ಕೆ ಮಿಂಚು ಬಳಿದುಕೊಂಡು, ದೋಣಿಯ ಪಾರ್ಟಿಗೆಂದು ಕೇಕೆ ಹಾಕುತ್ತ ಮೆಟ್ಟಿಲಿಳಿಯುವಾಗ ಇವನು ಹೊದಿಕೆ ಎಳೆದುಕೊಳ್ಳುತ್ತಿದ್ದ. ಆ ಹತ್ತು ದಿನದ ನಿದ್ದೆಯನ್ನು ಒಂಟೆ ನೀರು ಕೂಡಿಟ್ಟುಕೊಂಡಂತೆ ತಂದು ವರ್ಷವೆಲ್ಲ ತೇಯುತ್ತಿದ್ದ. ಒಮ್ಮೆ ಆ ಕೋಣೆಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಮಾನ್ಮತ್ ಜಂಕ್ಷನ್ನಿನಲ್ಲಿ ಹಾಕಿ ನೋಡಿದ. ಪ್ರಯೋಜನವಾಗಲಿಲ್ಲ. ಫೋನಿನೊಳಗಿನವರು ಯಾರೂ ನಿಜವಾಗಿ ಮಗ್ಗುಲು ಬದಲಿಸುವುದಿಲ್ಲ ಎಂಬುದು ಮೈಗೆ ಗೊತ್ತಾಗಿಬಿಡುತ್ತಿತ್ತು.

ಈ ವರ್ಷ ಜನವರಿಯಲ್ಲಿ ಲಾ ಚಿಚಾರ್ರಾದಿಂದ ಒಂದು ಇಮೇಲ್ ಬಂತು. ಇನ್ನು ಮುಂದೆ ಸಾಮೂಹಿಕ ಕೋಣೆಗಳು ಹದಿನೆಂಟರಿಂದ ನಲವತ್ತರವರೆಗಿನವರಿಗೆ ಮಾತ್ರ. ತಮ್ಮ ಪಾಸ್‌ಪೋರ್ಟಿನ ಪ್ರಕಾರ ತಮಗೆ ನಲವತ್ತೆರಡು, ಆದ್ದರಿಂದ ಬಾಲ್ಕನಿಯಿರುವ ಒಂಟಿ ಕೋಣೆಯನ್ನು ಸಂತೋಷದಿಂದ ಕೊಡುತ್ತೇವೆ, ಹೆಚ್ಚಿಗೆ ಏನೂ ಕೊಡಬೇಕಾಗಿಲ್ಲ. ಇಷ್ಟು ವಿಷಯ. ಒಂಟಿ ಕೋಣೆ ಅವನ ಹತ್ತಿರ ಆಗಲೇ ಎರಡಿದ್ದವು. ಆ ಹತ್ತು ದಿನವೂ ತಪ್ಪಿದರೆ ವರ್ಷ ತಳ್ಳುವುದು ಹೇಗೆ ಎಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಅವನು ಇಲಕಲ್ಲಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದ. “ಶೈಲಕ್ಕಾ, ನಾ ಖರೇ ಹುಟ್ಟಿದ್ದು ಯಾವಾಗ?”

“ಎಂಬತ್ತೈದ್ರ ಶ್ರಾವಣದಾಗ. ಯಾಕೋ, ಮತ್ತ ಕನ್ಯಾ ನೋಡಾಕತ್ತಿ ಏನು?” ಎಂದಳು ಆಕೆ. “ನನ್ನ ಬಿಟ್ಟು ಒಂದ್ ಗಳಿಗಿ ಇರ್ತಿದ್ದಿಲ್ಲ ನೀ. ನಾ ಸಾಲಿಗೆ ಹೊಂಟ್ರ ಬೀದಿಯಾಗ ಬಿದ್ದು ಒದ್ದಾಡ್ತಿದ್ದಿ. ಕಡೀಕ ಅಪ್ಪ ಬ್ಯಾಸರಾಗಿ, ಇವನ್ನೂ ಅಕಿ ಜೋಡಿ ಕುಂದ್ರಿಸ್ಕೋರಿ ಅಂತ ಮುರುಗೆಪ್ಪ ಮಾಸ್ತರ ಕಡೆ ಕರ್ಕೊಂಡು ಹೋದ. ಮಾಸ್ತರು ಎರಡು ವರ್ಷ ಹೆಚ್ಚಿಗಿ ಮಾಡಿ, ಜೂನ್ ಒಂದು ಅಂತ ಬರದು ಸೇರಿಸ್ಕೊಂಡ್ರು.”

ಆ ಕಾಲದ ನಮ್ಮೂರ ಮಕ್ಕಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಹೀಗೆ ಜೂನ್ ಒಂದಕ್ಕೇ. ಅದರಿಂದ ಯಾರಿಗೂ ಬಾಧಕವಾದದ್ದಿಲ್ಲ, ನಿವೃತ್ತಿ ಎರಡು ವರ್ಷ ಮೊದಲಾಗುವುದನ್ನು ಬಿಟ್ಟರೆ. ಒಬ್ಬನೇ ಇರಲಾರದ್ದಕ್ಕೆ ವಯಸ್ಸು ಏರಿಸಿಕೊಂಡವನನ್ನು ಆ ಏರಿಸಿದ ವಯಸ್ಸೇ ಒಂಟಿ ಕೋಣೆಗೆ ತಳ್ಳಿದ ಪ್ರಕರಣ ಬಹುಶಃ ಇದೊಂದೇ.

ಬಸವಕಿರಣ್ ಹಾಸ್ಟೆಲಿಗೆ ವಿಡಿಯೋ ಕಾಲ್ ಮಾಡಿದ. ಮ್ಯಾನೇಜರ್ ಇತ್ಸೆಲ್ ಎಂಬಾಕೆ ಅವನನ್ನು ಹಲವು ವರ್ಷಗಳಿಂದ ಬಲ್ಲವಳು. ಅವನು ಶ್ರಾವಣ ಮಾಸ, ಅಕ್ಕ, ಮುರುಗೆಪ್ಪ ಮಾಸ್ತರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ತನಗೆ ನಿಜಕ್ಕೂ ನಲವತ್ತೇ, ನಿಯಮದ ಒಳಗೇ ಬರುತ್ತೇನೆ ಎಂದ. ಆಕೆ ನಗಲಿಲ್ಲ. ಅವನ ಮಾತು ಮುಗಿಯುವವರೆಗೂ ಕೇಳಿಸಿಕೊಂಡಳು.

“ನಾನು ನಂಬುತ್ತೇನೆ. ಆದರೆ ವಿಷಯ ವಯಸ್ಸಿನದಲ್ಲ” ಎಂದಳು. “ನೀವು ಏನೂ ತಪ್ಪು ಮಾಡಿಲ್ಲ. ಹೋದ ವರ್ಷ ನಿಮ್ಮ ಕೋಣೆಯಲ್ಲಿದ್ದವರು ಬಂದು ಹೇಳಿದರು. ಇಲ್ಲಿ ನಮ್ಮಪ್ಪ ಮಲಗಿದ ಹಾಗಿದೆ ಅಂದರು. ಬರುವಾಗ ಬಾಗಿಲಲ್ಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರುತ್ತೇವೆ, ದೀಪ ಹಾಕುವುದಿಲ್ಲ, ಪಿಸುಮಾತಲ್ಲೇ ಮಾತಾಡುತ್ತೇವೆ ಅಂದರು. ಅವರು ಅಷ್ಟು ದೂರ ಬರುವುದೇ ಇದರಿಂದೆಲ್ಲ ತಪ್ಪಿಸಿಕೊಳ್ಳಲು.”

“ಅವರು ಗಲಾಟೆ ಮಾಡಲಿ, ನನಗೇನೂ ತೊಂದರೆ ಇಲ್ಲ” ಎಂದ ಬಸವಕಿರಣ್.

“ನಿಮಗಿಲ್ಲ” ಎಂದಳು ಇತ್ಸೆಲ್. “ನೀವು ಅಷ್ಟು ಚೆನ್ನಾಗಿ ಮಲಗಿರುತ್ತೀರಿ. ನಿಮ್ಮನ್ನು ಎಬ್ಬಿಸಲು ಅವರಿಗೆ ಮನಸ್ಸು ಬರುವುದಿಲ್ಲ.”

ಫೋನ್ ಇಟ್ಟ ಮೇಲೆ ಅವನಿಗೆ ನಾಚಿಕೆಯಾಯಿತು. ತಾನು ಅವರ ಗದ್ದಲದಲ್ಲಿ ಒಬ್ಬನಾಗಿ ಸೇರಿಹೋಗಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದ. ಅವರು ನೋಡಿದರೆ ಬೂಟು ಕೈಯಲ್ಲಿ ಹಿಡಿದು ಅವನ ಸುತ್ತ ಕಳ್ಳಹೆಜ್ಜೆ ಹಾಕುತ್ತಿದ್ದರು. ಟಿಕೆಟ್ಟನ್ನು ಅವತ್ತೇ ರದ್ದು ಮಾಡಿದ. ರಜೆಯನ್ನು ರದ್ದು ಮಾಡಲಿಲ್ಲ, ಮಾಡಿದರೆ ಆಫೀಸಿನಲ್ಲಿ ಕಾರಣ ಹೇಳಬೇಕಾಗುತ್ತಿತ್ತು.

ಹಾಗಾಗಿ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವನು ತನ್ನ ಡ್ರೈವ್‌ವೇಯ ಹಿಮ ಬಾಚುತ್ತಿರುವುದನ್ನು ಚೆಲುವರಾಜು ಕಂಡ. ಗೆಸ್ಟ್ ಹೌಸಿನ ಅದೇ ಚೆಲುವರಾಜು. ಈಗ ಅದೇ ಬೀದಿಯಲ್ಲಿ ಮನೆ, ಸ್ಮಿತಾ ಎಂಬ ಮೈಸೂರಿನ ಹೆಂಡತಿ, ಹೈಸ್ಕೂಲಿನಲ್ಲಿರುವ ಮಗಳು ಆನ್ಯಾ, ಅವಳಿಗಿಂತ ಚಿಕ್ಕವನು ಕ್ರಿಷ್. ಬಸವಕಿರಣ್‌ನ ಮೆಕ್ಸಿಕೋ ಪ್ರತಾಪವನ್ನು ಊರಿಗೆಲ್ಲ ಹಂಚಿದವರಲ್ಲಿ ಅವನೂ ಒಬ್ಬ, ಅದೂ ಗೆಳೆಯನೆಂಬ ಹೆಮ್ಮೆಯಿಂದ.

“ಏನ್ಲಾ ಕಿರಣ, ಇಲ್ಲೇ ಇದ್ದೀಯ? ಮೆಕ್ಸಿಕೋದವ್ಳು ಕೈ ಕೊಟ್ಬುಟ್ಳಾ?” ಎಂದು ಎಳೆದುಕೊಂಡು ತನ್ನ ಮನೆಗೆ ಕಾಫಿಗೆ ಕರೆತಂದ.

“ಅಲ್ಲಿ ಯಾರೂ ಇಲ್ಲೋ ಚೆಲುವಾ. ಎಂದೂ ಇದ್ದಿಲ್ಲ.”

“ಮತ್ತೆ ಯಾಕ್ಲಾ ವರ್ಷ ವರ್ಷ ಓಡ್ತಿದ್ದೆ?”

ಬಸವಕಿರಣ್ ಕಾಫಿ ಕಪ್ಪನ್ನು ಕೆಳಗಿಟ್ಟ. ನಿದ್ದೆ ಕೆಟ್ಟ ಮನುಷ್ಯನಿಗೆ ಸುಳ್ಳು ಹೆಣೆಯುವಷ್ಟು ಶಕ್ತಿ ಉಳಿದಿರುವುದಿಲ್ಲ. “ನಿದ್ದಿ ಮಾಡಾಕ” ಎಂದ. “ನಗಬ್ಯಾಡ. ಒಬ್ಬನ ಮಲಗಿದ್ರ ನಿದ್ದಿ ಹತ್ತಂಗಿಲ್ಲ ನನಗ. ಮಂದಿ ಇರಬೇಕು, ಸಪ್ಪಳ ಇರಬೇಕು. ಅಲ್ಲಿ ಹತ್ತು ಹನ್ನೆರಡು ಮಂದಿ ಇರ್ತಿದ್ರು. ಈ ವರ್ಷ ಅವರೂ ಬ್ಯಾಡಂದ್ರು.”

ಚೆಲುವರಾಜು ನಗಲು ಬಾಯಿ ತೆರೆದವನು ಹಾಗೇ ಉಳಿದ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಒಂದು ಒಳ್ಳೆಯ ಹಗರಣ ಕಣ್ಣೆದುರೇ ಕರಗಿಹೋಗಿತ್ತು. ಒಲೆಯ ಮುಂದಿದ್ದ ಸ್ಮಿತಾ ತಿರುಗಿ ನೋಡಿದಳು.

ಬಸವಕಿರಣ್ ಆಕೆಯ ಕಡೆಗೆ ಹೊರಳಿದ. ಈ ದೇಶದಲ್ಲಿ ಜನ ಒಬ್ಬರನ್ನೊಬ್ಬರು ಏನೇನೋ ಕೇಳುತ್ತಾರೆ. ಏರ್‌ಪೋರ್ಟಿಗೆ ಬಿಡಿ ಎನ್ನುತ್ತಾರೆ, ಮಕ್ಕಳನ್ನು ನೋಡಿಕೊಳ್ಳಿ ಎನ್ನುತ್ತಾರೆ, ಸಹಿ ಹಾಕಿ ಎನ್ನುತ್ತಾರೆ. ಅವನು ಕೇಳಬೇಕಾದದ್ದನ್ನು ಇದುವರೆಗೆ ಯಾರೂ ಯಾರನ್ನೂ ಕೇಳಿದ್ದು ಅವನಿಗೆ ಗೊತ್ತಿರಲಿಲ್ಲ. “ವೈನೀ, ನಿಮ್ಮ ಹಾಲ್‌ನಾಗ ಒಂದೆರಡ ದಿನಾ ಮಲಗ್ಲೇನ್ರಿ?” ಎಂದ.

“ಹಾಲ್‌ನಲ್ಲಾ? ಛೆ ಛೆ” ಎಂದಳು ಸ್ಮಿತಾ. “ಮನೆಗೆ ಬಂದೋರನ್ನ ಹಾಲ್‌ನಲ್ಲಿ ಬಿಸಾಕ್ತೀವಾ ಕಿರಣ್? ಕೇಳಿದೋರು ಏನಂತಾರೆ? ಗೆಸ್ಟ್ ರೂಮ್ ಸುಮ್ನೆ ಖಾಲಿ ಬಿದ್ದಿದೆ. ರಜ ಮುಗಿಯೋವರ್ಗೂ ಇಲ್ಲೇ ಇದ್ಬಿಡಿ.”

ಅಷ್ಟು ಪ್ರೀತಿಯಿಂದ ಹೇಳಿದ ಮಾತಿಗೆ ಎದುರಾಡುವುದು ಅವನಿಂದಾಗಲಿಲ್ಲ.

ಸ್ಮಿತಾ ಅರೆಮನಸ್ಸಿನಿಂದ ಕೆಲಸ ಮಾಡುವವಳಲ್ಲ. ಗೆಸ್ಟ್ ರೂಮಿಗೆ ಹೊಸ ಬೆಡ್‌ಶೀಟ್ ಬಂತು, ಕುಡಿಯುವ ನೀರು ಬಂತು, ಲ್ಯಾವೆಂಡರ್ ವಾಸನೆಯ ಏನೋ ಒಂದು ಬಂತು. ಪಾಪ, ನಿದ್ದೆಗೆಟ್ಟ ಮನುಷ್ಯ ಎಂದು ಇಡೀ ಮನೆಗೆ ಅಪ್ಪಣೆಯಾಯಿತು. ಚೆಲುವರಾಜು ತನ್ನ ಮಂಡ್ಯದ ಫೋನುಗಳನ್ನು ಗ್ಯಾರೇಜಿನಲ್ಲಿ ಮಾಡತೊಡಗಿದ. ಮಕ್ಕಳು ಹೆಡ್‌ಫೋನ್ ಹಾಕಿಕೊಂಡರು. ಮಹಡಿಯ ಮೆಟ್ಟಿಲನ್ನು ಎಲ್ಲರೂ ಬೆರಳ ತುದಿಯಲ್ಲಿ ಹತ್ತಿದರು. ಬಾಗಿಲನ್ನು ಹೊರಗಿನಿಂದ ಯಾರೋ ಮೆಲ್ಲಗೆ, ಚಿಲಕದ ಸದ್ದೂ ಬಾರದಂತೆ ಮುಚ್ಚಿ ಹೋದರು. ಬಸವಕಿರಣ್ ಲ್ಯಾವೆಂಡರ್ ವಾಸನೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ತುಂಬಿದ ಮನೆಯೊಂದು ತನಗಾಗಿ ಉಸಿರು ಬಿಗಿಹಿಡಿದುಕೊಂಡಿರುವುದು ಅವನಿಗೆ ತನ್ನ ಖಾಲಿ ಮನೆಗಿಂತಲೂ ಕಷ್ಟವಾಯಿತು.

“ನಿದ್ದೆ ಬಂತಾ ಕಿರಣ್?” ಎಂದು ಬೆಳಿಗ್ಗೆ ಸ್ಮಿತಾ ಕೇಳಿದಾಗ, “ಮಸ್ತ್ ಬಂತ್ರಿ ವೈನಿ” ಎಂದ. ಮರುದಿನವೂ ಅದನ್ನೇ ಹೇಳಿದ. ಆಕೆಯ ಮುಖದ ಸಂತೋಷ ನೋಡಿದರೆ ಬೇರೆ ಏನನ್ನೂ ಹೇಳುವಂತಿರಲಿಲ್ಲ.

ಮೂರನೆಯ ರಾತ್ರಿ ಅವನಿಗೆ ತಡೆಯಲಾಗಲಿಲ್ಲ. ದಿಂಬು ಹಿಡಿದು ಕೆಳಗಿಳಿದು ಬಂದು, ಸೋಫಾ ಮತ್ತು ಅಡುಗೆಮನೆಯ ನಡುವಿನ ಕಾರ್ಪೆಟ್ಟಿನ ಮೇಲೆ ಒರಗಿದ. ಯಾರೂ ಏಳುವ ಮೊದಲೇ ಮೇಲೆ ಹೋಗಿಬಿಡಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಆದರೆ ಪಾತ್ರೆ ತೊಳೆಯುವ ಯಂತ್ರ ಗುರ್ರೆನ್ನುತ್ತಿತ್ತು. ಮೇಲುಗಡೆ ಚೆಲುವರಾಜು ನಿದ್ದೆಯಲ್ಲಿ ಯಾರನ್ನೋ ಔಟ್ ಮಾಡುತ್ತಿದ್ದ. ಕ್ರಿಷ್ ಬಚ್ಚಲಿಗೆ ಎದ್ದು ಬಾಗಿಲು ಬಡಿದ. ಮೇಲೆ ಹೋಗುವ ಯೋಚನೆ ಅಲ್ಲಿಗೇ ಉಳಿಯಿತು.

ಬೆಳಗಾದರೆ ಶನಿವಾರ. ಮೊದಲು ಬಂದ ಕ್ರಿಷ್, ನೆಲದ ಮೇಲೆ ಅಂಕಲ್ ಬಿದ್ದಿರುವುದನ್ನು ನೋಡಿ, ದಾಟಿಕೊಂಡು ಹೋಗಿ ಟೀವಿ ಹಾಕಿದ. ಹೆಡ್‌ಫೋನಿನ ನೆನಪು ಅವನಿಗಾಗಲಿಲ್ಲ. ಚೆಲುವರಾಜು ಮಂಡ್ಯದ ಅಣ್ಣನ ಜೊತೆ ಸ್ಪೀಕರ್ ಫೋನಿನಲ್ಲಿ ಜಮೀನಿನ ಜಗಳ ಆಡುತ್ತ ಬಂದು, ಬೆಚ್ಚಿ, ಫೋನ್ ಮುಚ್ಚಿಕೊಂಡು ನಿಂತ. ಆನ್ಯಾ ಮೆಟ್ಟಿಲ ಮೇಲಿಂದಲೇ ಕೂಗಿದಳು, “ಅಮ್ಮಾ, ವೈ ಈಸ್ ಕಿರಣ್ ಅಂಕಲ್ ಆನ್ ದ ಫ್ಲೋರ್?”

ಸ್ನಾನ ಮುಗಿಸಿ ಬಂದ ಸ್ಮಿತಾ ನೋಡಿದಳು. ಬಾಯಿ ತೆರೆದುಕೊಂಡು, ಒಂದು ಕಾಲು ಸೋಫಾದ ಕೆಳಗೆ ಚಾಚಿ, ಅವಳ ಅತಿಥಿ ಕಾರ್ಪೆಟ್ಟಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವಳಿಗೆ ಅವಮಾನವೇ ಆಯಿತು. ಅಷ್ಟು ಒಳ್ಳೆಯ ಹಾಸಿಗೆಯನ್ನು ಬಿಟ್ಟು! ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿದಳು. ಕ್ರಿಷ್ ಟೀವಿಯ ದನಿ ನಿಲ್ಲಿಸಿದ. ಫೋನಿನಲ್ಲಿ ಮಂಡ್ಯದ ಅಣ್ಣ ಮಾತು ನಿಲ್ಲಿಸಿದ. ಮನೆ ನಿಶ್ಶಬ್ದವಾಯಿತು.

ಬಸವಕಿರಣ್‌ನ ಗೊರಕೆ ತಡವರಿಸಿತು. ಹುಬ್ಬು ಗಂಟಾಯಿತು, ರೆಪ್ಪೆ ಅದುರಿತು. ಅವನ ಬಲಗೈ ಕಾರ್ಪೆಟ್ಟಿನ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕಿತು.

ಸ್ಮಿತಾ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಮಗನ ಕೈಯಿಂದ ರಿಮೋಟು ತೆಗೆದುಕೊಂಡು ಟೀವಿಯ ದನಿಯನ್ನು ಮೊದಲಿಗಿಂತ ಹೆಚ್ಚು ಮಾಡಿದಳು. ಗಂಡನಿಗೆ, “ನೀವು ಮಾತಾಡಿ, ಜೋರಾಗೇ ಮಾತಾಡಿ” ಎಂದಳು. ಬಸವಕಿರಣ್‌ನ ಕಾಲು ದಾಟಿ ಅಡುಗೆಮನೆಗೆ ಹೋಗಿ, ಮಿಕ್ಸಿಗೆ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ ಹಾಕಿ ಗುಂಡಿ ತಿರುಗಿಸಿದಳು. ಕಾರ್ಪೆಟ್ಟಿನ ಮೇಲಿನ ಕೈ ನಿಂತಿತು. ಹುಬ್ಬು ಸಡಿಲವಾಯಿತು.

ಚಟ್ನಿ ನುಣ್ಣಗಾದ ಮೇಲೂ ಆಕೆ ಮಿಕ್ಸಿ ನಿಲ್ಲಿಸಲಿಲ್ಲ.